ಆಹಾರಜನ್ಯ ರೋಗಾಣುಗಳ ಮೇಲೆ ಸಸ್ಯಜನ್ಯ ಸಂಯುಕ್ತಗಳ ಪರಿಣಾಮ: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬೆಳ್ಳುಳ್ಳಿ, ಈರುಳ್ಳಿ, ಹುಣಸೆ, ನಿಂಬೆ, ಓಂಕಾಳು, ಲವಂಗ, ದಾಲ್ಚಿನ್ನಿ, ಸಾಸಿವೆ ಮತ್ತು ಅರಿಶಿನ ಚಿತ್ರದುರ್ಗ ಜಿಲ್ಲೆಯ ಅಡುಗೆಮನೆಗಳಲ್ಲಿ ನಿತ್ಯ ಬಳಕೆಯಲ್ಲಿರುವ ಪದಾರ್ಥಗಳು. ಇವುಗಳಲ್ಲಿ ಹಲವು ಆಹಾರವನ್ನು ಕೆಡಿಸುವ ಹಾಗೂ ರೋಗ ತರುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಗುಣ ಹೊಂದಿವೆ. ಈ ಗುಣದ ಕಾರಣವನ್ನೂ ಅದರ ಮಿತಿಯನ್ನೂ ಸಾರ್ವಜನಿಕರು ಅರಿತಿರುವುದು ಅವಶ್ಯಕ. ಮಿತಿಯನ್ನು ಅರಿಯದೆ ಸಾಂಬಾರ ಪದಾರ್ಥಗಳನ್ನೇ ನೆಚ್ಚಿಕೊಂಡರೆ ಪ್ರಾಣಾಪಾಯವೂ ಸಂಭವಿಸಬಹುದು.

2023ರ ಜುಲೈ ಕೊನೆ ಹಾಗೂ ಆಗಸ್ಟ್ ಮೊದಲ ದಿನಗಳಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನ ಸೇವನೆಯಿಂದ ವಾಂತಿಭೇದಿ ಕಾಣಿಸಿಕೊಂಡು ಹಲವರು ಮೃತಪಟ್ಟರು. ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ನೀರು ಮತ್ತು ಆಹಾರದ ಶುಚಿತ್ವಕ್ಕೆ ಬೇರೆ ಯಾವುದೂ ಬದಲಿಯಾಗಲಾರದು ಎಂಬುದಕ್ಕೆ ಈ ಘಟನೆಯೇ ಸಾಕ್ಷಿ.

1. ಆಹಾರವನ್ನು ವಿಷವಾಗಿಸುವ ಬ್ಯಾಕ್ಟೀರಿಯಾಗಳು

ಆಹಾರದ ಮೂಲಕ ಹರಡುವ ಪ್ರಮುಖ ಬ್ಯಾಕ್ಟೀರಿಯಾಗಳು ಈ ಕೆಳಕಂಡಂತಿವೆ:

ಅ) ಸಾಲ್ಮೊನೆಲ್ಲಾ: ಮೊಟ್ಟೆ, ಕೋಳಿಮಾಂಸ ಮತ್ತು ಕಾಯಿಸದ ಹಾಲಿನಲ್ಲಿ ಸಾಮಾನ್ಯ.
ಆ) ಇ. ಕೋಲಿ: ಮಲದಿಂದ ಕಲುಷಿತವಾದ ನೀರು ಹಾಗೂ ಆ ನೀರಿನಲ್ಲಿ ತೊಳೆದ ತರಕಾರಿಗಳಿಂದ ಹರಡುತ್ತದೆ. ಇದರ ಕೆಲವು ಬಗೆಗಳು ಮಾತ್ರ ರೋಗಕಾರಕ.
ಇ) ಸ್ಟೆಫೈಲೊಕಾಕಸ್ ಆರಿಯಸ್: ಅಡುಗೆ ಮಾಡುವವರ ಕೈಗಾಯ, ಮೂಗು ಮತ್ತು ಚರ್ಮದಿಂದ ಆಹಾರ ಸೇರುತ್ತದೆ.
ಈ) ಬ್ಯಾಸಿಲಸ್ ಸೀರಿಯಸ್: ಬೇಯಿಸಿ ಹಾಗೆಯೇ ಬಿಟ್ಟ ಅನ್ನದಲ್ಲಿ ಬೆಳೆಯುತ್ತದೆ.
ಉ) ವಿಬ್ರಿಯೊ ಕಾಲರೆ: ಕಾಲರಾ ರೋಗಕ್ಕೆ ಕಾರಣವಾದದ್ದು.

ಅನುಕೂಲಕರ ಉಷ್ಣತೆಯಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಈ ಲೆಕ್ಕದಂತೆ ಒಂದೇ ಒಂದು ಜೀವಾಣು 7 ಗಂಟೆಗಳಲ್ಲಿ 20 ಲಕ್ಷವನ್ನು ಮೀರಬಲ್ಲದು. ಬೆಳಿಗ್ಗೆ ಮಾಡಿದ ಸಾರು ಸಂಜೆಯ ಹೊತ್ತಿಗೆ ಕೆಡುವುದು ಇಂತಹ ವೃದ್ಧಿಯಿಂದಲೇ.

2. ಸಸ್ಯಗಳಲ್ಲಿ ಈ ಗುಣ ಏಕಿದೆ?

ಗಿಡಮರಗಳು ಶತ್ರುಗಳಿಂದ ಓಡಿಹೋಗಲಾರವು. ಆದುದರಿಂದ ಕೀಟ, ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳ ದಾಳಿಯನ್ನು ಎದುರಿಸಲು ಅವು ತಮ್ಮ ಎಲೆ, ತೊಗಟೆ, ಬೀಜ ಮತ್ತು ಗೆಡ್ಡೆಗಳಲ್ಲಿ ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಘಾಟು, ಕಾರ, ಒಗರು, ಹುಳಿ ಎಂದು ತೋರುವ ಬಹಳಷ್ಟು ರುಚಿಗಳು ಸಸ್ಯಗಳ ಆತ್ಮರಕ್ಷಣೆಯ ಸಾಧನಗಳೇ ಆಗಿವೆ.

3. ಸಂಯುಕ್ತಗಳು ಕೆಲಸ ಮಾಡುವ ಬಗೆ

ಕೋಶಪೊರೆಯನ್ನು ಭೇದಿಸುವವು: ಓಂಕಾಳಿನ ಥೈಮಾಲ್, ದೊಡ್ಡಪತ್ರೆಯ ಕಾರ್ವಕ್ರಾಲ್ ಹಾಗೂ ಲವಂಗ ಮತ್ತು ತುಳಸಿಯ ಯೂಜಿನಾಲ್ ಈ ಗುಂಪಿಗೆ ಸೇರಿವೆ. ಬ್ಯಾಕ್ಟೀರಿಯಾದ ಪೊರೆ ಕೊಬ್ಬಿನಂಶದಿಂದ ಕೂಡಿದ್ದು, ಕೊಬ್ಬಿನಲ್ಲಿ ಕರಗುವ ಈ ಸಂಯುಕ್ತಗಳು ಅದರೊಳಗೆ ಸೇರಿಕೊಂಡು ಅದನ್ನು ಸಡಿಲಗೊಳಿಸುತ್ತವೆ. ತೂತು ಬಿದ್ದ ಕೊಡದಿಂದ ನೀರು ಸೋರುವಂತೆ ಕೋಶದೊಳಗಿನ ಲವಣಾಂಶಗಳು ಹೊರಕ್ಕೆ ಸೋರಿ, ಶಕ್ತಿ ಉತ್ಪಾದನೆ ನಿಂತು ಜೀವಾಣು ಸಾಯುತ್ತದೆ.

ಕಿಣ್ವಗಳನ್ನು ನಿಷ್ಕ್ರಿಯಗೊಳಿಸುವವು: ಇಡೀ ಬೆಳ್ಳುಳ್ಳಿ ಎಸಳಿನಲ್ಲಿ ಅಲಿಸಿನ್ ಇರುವುದಿಲ್ಲ. ಎಸಳನ್ನು ಜಜ್ಜಿದಾಗ ಅದರಲ್ಲಿ ಪ್ರತ್ಯೇಕವಾಗಿದ್ದ ಅಲೀನ್ ಎಂಬ ವಸ್ತು ಮತ್ತು ಅಲೀನೇಸ್ ಎಂಬ ಕಿಣ್ವ ಒಂದಾಗಿ ಅಲಿಸಿನ್ ಉತ್ಪತ್ತಿಯಾಗುತ್ತದೆ. ಈ ಸಂಯುಕ್ತವನ್ನು 1944ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಕ್ಯಾವಲಿಟೊ ಮತ್ತು ಬೈಲಿ ಬೇರ್ಪಡಿಸಿದರು. ಅಲಿಸಿನ್ ಬ್ಯಾಕ್ಟೀರಿಯಾದ ಕಿಣ್ವಗಳಲ್ಲಿರುವ ಗಂಧಕಯುಕ್ತ ಭಾಗಗಳಿಗೆ ಅಂಟಿಕೊಂಡು ಅವು ಕೆಲಸ ಮಾಡದಂತೆ ತಡೆಯುತ್ತದೆ. ಬಿಸಿ ತಗುಲಿದರೆ ಅಲೀನೇಸ್ ಕೆಡುವುದರಿಂದ, ಇಡೀ ಎಸಳನ್ನು ನೇರವಾಗಿ ಒಗ್ಗರಣೆಗೆ ಹಾಕಿದಾಗ ಈ ಗುಣ ಬಹುಮಟ್ಟಿಗೆ ಪ್ರಕಟವಾಗುವುದಿಲ್ಲ. ಸಾಸಿವೆಯನ್ನು ನೀರಿನೊಡನೆ ಅರೆದಾಗ ಹೊಮ್ಮುವ ಘಾಟು ಕೂಡ ಇಂತಹುದೇ ಕ್ರಿಯೆಯಿಂದ ಉಂಟಾಗುತ್ತದೆ.

ಹುಳಿಯಿಂದ ತಡೆಯುವವು: ಹುಣಸೆಯ ಟಾರ್ಟಾರಿಕ್ ಆಮ್ಲ ಮತ್ತು ನಿಂಬೆಯ ಸಿಟ್ರಿಕ್ ಆಮ್ಲ ಆಹಾರದ ಆಮ್ಲೀಯತೆಯನ್ನು ಹೆಚ್ಚಿಸುತ್ತವೆ. ಪಿಎಚ್ ಮೌಲ್ಯ 4.6ಕ್ಕಿಂತ ಕಡಿಮೆ ಇರುವ ಆಹಾರದಲ್ಲಿ ಮಾರಕ ಬಾಟುಲಿಸಂ ರೋಗಾಣು ಬೆಳೆಯಲಾರದು. 1990ರ ದಶಕದಲ್ಲಿ ಪಶ್ಚಿಮ ಆಫ್ರಿಕಾದ ಗಿನಿ-ಬಿಸಾವು ದೇಶದಲ್ಲಿ ಕಾಲರಾ ಹರಡಿದಾಗ, ಅನ್ನದ ಜೊತೆಗಿನ ವ್ಯಂಜನಕ್ಕೆ ನಿಂಬೆರಸ ಸೇರಿಸಿ ಉಂಡವರಲ್ಲಿ ರೋಗ ಕಡಿಮೆ ಇದ್ದುದನ್ನು ಸಂಶೋಧಕರು ಗುರುತಿಸಿದರು.

ಪ್ರೋಟೀನುಗಳನ್ನು ಬಂಧಿಸುವವು: ದಾಳಿಂಬೆ ಸಿಪ್ಪೆಯ ಒಗರಿಗೆ ಕಾರಣವಾದ ಟ್ಯಾನಿನ್‌ಗಳು ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನು ಹಿಡಿದು ಬಂಧಿಸುತ್ತವೆ. ಹಿರಿಯೂರು ಮತ್ತು ಹೊಸದುರ್ಗ ತಾಲ್ಲೂಕುಗಳಲ್ಲಿ ದಾಳಿಂಬೆ ಬೆಳೆಯುವುದರಿಂದ ಈ ವಿಷಯ ಬೆಳೆಗಾರರಿಗೂ ಆಸಕ್ತಿದಾಯಕವಾಗಿದೆ.

ಎಲ್ಲ ಬ್ಯಾಕ್ಟೀರಿಯಾಗಳೂ ಸಮಾನವಾಗಿ ಮಣಿಯುವುದಿಲ್ಲ. ಸಾಲ್ಮೊನೆಲ್ಲಾ ಮತ್ತು ಇ. ಕೋಲಿಗಳಿಗೆ ಹೆಚ್ಚುವರಿ ಹೊರಪೊರೆ ಇರುವುದರಿಂದ, ಸ್ಟೆಫೈಲೊಕಾಕಸ್‌ಗೆ ಹೋಲಿಸಿದರೆ ಅವು ಸಾಮಾನ್ಯವಾಗಿ ಹೆಚ್ಚು ತಡೆದುಕೊಳ್ಳುತ್ತವೆ.

4. ಸಂಶೋಧನೆ ಹೇಳುವುದೇನು?

1998ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬಿಲ್ಲಿಂಗ್ ಮತ್ತು ಶೆರ್ಮನ್ 36 ದೇಶಗಳ 4,578 ಅಡುಗೆ ವಿಧಾನಗಳನ್ನು ಪರಿಶೀಲಿಸಿ, ಉಷ್ಣ ಪ್ರದೇಶಗಳಲ್ಲಿ ಸಾಂಬಾರ ಪದಾರ್ಥಗಳ ಬಳಕೆ ಹೆಚ್ಚಾಗಿರುವುದಕ್ಕೆ ಅವುಗಳ ರೋಗಾಣುನಾಶಕ ಗುಣವೇ ಕಾರಣವೆಂದು ಪ್ರತಿಪಾದಿಸಿದರು. ಆದರೆ 2021ರಲ್ಲಿ ಪ್ರಕಟವಾದ, 70 ಪಾಕಪದ್ಧತಿಗಳ 33,750 ಅಡುಗೆ ವಿಧಾನಗಳ ವಿಶ್ಲೇಷಣೆ ಈ ವಾದವನ್ನು ಸಮರ್ಥಿಸಲಿಲ್ಲ. ಪ್ರಯೋಗಾಲಯದಲ್ಲಿ ಈ ಸಂಯುಕ್ತಗಳು ರೋಗಾಣುಗಳನ್ನು ಕೊಲ್ಲುತ್ತವೆ ಎಂಬುದು ನಿಜ. ಆದರೆ ಅಡುಗೆಯಲ್ಲಿ ಬಳಸುವ ಪ್ರಮಾಣ ಜನರನ್ನು ರೋಗದಿಂದ ಕಾಪಾಡುತ್ತದೆ ಎಂಬುದು ಬೇರೆಯೇ ಮಾತು.

5. ಮಿತಿಗಳು

ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನದಲ್ಲಿಡುವುದು:

• ಆಹಾರದಲ್ಲಿರುವ ಕೊಬ್ಬು ಮತ್ತು ಪ್ರೋಟೀನು ಈ ಸಂಯುಕ್ತಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಪ್ರಯೋಗಾಲಯಕ್ಕಿಂತ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಅಷ್ಟು ಹಾಕಿದರೆ ಆಹಾರ ಬಾಯಿಗಿಡಲಾಗದು.
• ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಕಡಿಮೆ. ಅರಿಶಿನ ಹಾಕಿದ ಸಾರು ಕೆಡುವುದಿಲ್ಲವೆಂದು ಭಾವಿಸಬಾರದು.
• ಸ್ಟೆಫೈಲೊಕಾಕಸ್ ಸ್ರವಿಸಿದ ವಿಷವೂ, ಬ್ಯಾಸಿಲಸ್ ಸೀರಿಯಸ್‌ನ ವಾಂತಿಕಾರಕ ವಿಷವೂ ಮತ್ತೆ ಕುದಿಸಿದರೂ ನಾಶವಾಗುವುದಿಲ್ಲ. ಹಳಸಿದ ಅನ್ನಕ್ಕೆ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿ ನಿಂಬೆರಸ ಹಿಂಡಿದರೆ ವಾಸನೆ ಮರೆಯಾಗಬಹುದು, ವಿಷ ಹೋಗುವುದಿಲ್ಲ.
• ಜಜ್ಜಿದ ಬೆಳ್ಳುಳ್ಳಿಯನ್ನು ಹುಳಿ ಸೇರಿಸದೆ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡಬಾರದು. ಗಾಳಿಯಿಲ್ಲದ ಎಣ್ಣೆಯೊಳಗೆ ಬಾಟುಲಿಸಂ ರೋಗಾಣು ಬೆಳೆಯುತ್ತದೆ. 1985ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಇಂತಹ ಬೆಳ್ಳುಳ್ಳಿಯಿಂದ 36 ಮಂದಿ ಅಸ್ವಸ್ಥರಾದರು.
• ಸಾಂಬಾರ ಪುಡಿಗಳೇ ಸಾಲ್ಮೊನೆಲ್ಲಾದಿಂದ ಕಲುಷಿತವಾಗಿರಬಹುದು. ನೆಲದ ಮೇಲೆ ಒಣಗಿಸಿದ ಮೆಣಸಿನಕಾಯಿ, ಕೊತ್ತಂಬರಿ ಬೀಜಗಳನ್ನು ಶುಚಿಗೊಳಿಸಿ ಹುರಿದು ಬಳಸುವುದು ಒಳಿತು.
• ಕುಡಿಯುವ ನೀರಿಗೆ ತುಳಸಿ, ನಿಂಬೆ ಅಥವಾ ಓಂಕಾಳು ಹಾಕುವುದು ಕುದಿಸುವುದಕ್ಕೆ ಅಥವಾ ಕ್ಲೋರಿನ್ ಬಳಸುವುದಕ್ಕೆ ಬದಲಿಯಲ್ಲ.

6. ಪಾಲಿಸಬೇಕಾದ ಕ್ರಮಗಳು

ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಸುರಕ್ಷಿತ ಆಹಾರಕ್ಕೆ ಐದು ಸೂತ್ರಗಳನ್ನು ಪ್ರಕಟಿಸಿತು:

1) ಕೈ, ಪಾತ್ರೆ ಮತ್ತು ಅಡುಗೆ ಸ್ಥಳವನ್ನು ಶುಚಿಯಾಗಿಡುವುದು.
2) ಹಸಿ ಮಾಂಸವನ್ನು ಬೇಯಿಸಿದ ಆಹಾರದಿಂದ ಬೇರೆಯಾಗಿಡುವುದು.
3) ಆಹಾರದ ಒಳಭಾಗವೂ 70 ಡಿಗ್ರಿ ಸೆಲ್ಸಿಯಸ್ ತಲುಪುವಂತೆ ಚೆನ್ನಾಗಿ ಬೇಯಿಸುವುದು.
4) ಆಹಾರವನ್ನು 5 ಡಿಗ್ರಿಗಿಂತ ಕಡಿಮೆ ಅಥವಾ 60 ಡಿಗ್ರಿಗಿಂತ ಹೆಚ್ಚಿನ ಉಷ್ಣತೆಯಲ್ಲಿಡುವುದು. ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡದಿರುವುದು.
5) ಶುದ್ಧ ನೀರು ಮತ್ತು ತಾಜಾ ಪದಾರ್ಥಗಳನ್ನು ಬಳಸುವುದು.

ಹಿರಿಯೂರಿನ ತೇರುಮಲ್ಲೇಶ್ವರ ಜಾತ್ರೆಯಂತಹ ಸಂದರ್ಭಗಳಲ್ಲಿ, ಮದುವೆ ಹಾಗೂ ದಾಸೋಹಗಳಲ್ಲಿ ಸಾವಿರಾರು ಜನರಿಗೆ ಒಮ್ಮೆಲೇ ಅಡುಗೆಯಾಗುತ್ತದೆ. ಕೊಪ್ಪರಿಗೆಯಲ್ಲಿ ರಾಶಿಯಾಗಿರುವ ಅನ್ನದ ಒಳಭಾಗ ಬೇಗ ಆರುವುದಿಲ್ಲ. ಬಹಳ ಹೊತ್ತು ಉಗುರುಬೆಚ್ಚಗೆ ಉಳಿದು ರೋಗಾಣುಗಳಿಗೆ ಆಶ್ರಯವಾಗುತ್ತದೆ. ಆದುದರಿಂದ ಸಂಘಟಕರು ಪಂಕ್ತಿಗೆ ತಕ್ಕಂತೆ ಹಂತಹಂತವಾಗಿ ಅಡುಗೆ ಮಾಡಿಸತಕ್ಕದ್ದು. ಹುಣಸೆಹುಳಿ ಹಾಕಿದ ಪದಾರ್ಥಗಳನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಇಡಬಾರದು.

7. ವಾಂತಿಭೇದಿ ಕಾಣಿಸಿಕೊಂಡಲ್ಲಿ

ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಓ.ಆರ್.ಎಸ್. ದ್ರಾವಣ ಕುಡಿಸಲು ಕೂಡಲೇ ಆರಂಭಿಸುವುದು. ಪೊಟ್ಟಣ ದೊರೆಯದಿದ್ದಲ್ಲಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಚಹಾಚಮಚ ಸಕ್ಕರೆ ಮತ್ತು ಅರ್ಧ ಚಹಾಚಮಚ ಉಪ್ಪು ಬೆರೆಸಿ ನೀಡಬಹುದು. ಮಲದಲ್ಲಿ ರಕ್ತ, ತೀವ್ರ ಜ್ವರ, ಮೂತ್ರ ಕಡಿಮೆಯಾಗುವುದು, ಕಣ್ಣು ಗುಳಿಬೀಳುವುದು ಅಥವಾ ಮಂಪರು ಕಂಡುಬಂದಲ್ಲಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ ತಕ್ಷಣ ಕರೆದೊಯ್ಯುವುದು. ಒಂದೇ ಬೀದಿಯ ಅಥವಾ ಒಂದೇ ಊಟ ಮಾಡಿದ ಹಲವರಲ್ಲಿ ಲಕ್ಷಣ ಕಂಡುಬಂದರೆ ಆಶಾ ಕಾರ್ಯಕರ್ತೆಯರಿಗೆ ಅಥವಾ ಆರೋಗ್ಯ ಕೇಂದ್ರಕ್ಕೆ ಮಾಹಿತಿ ನೀಡುವುದು. ಬೇಗ ತಿಳಿಸಿದಷ್ಟೂ ಉಳಿಯುವ ಜೀವಗಳು ಹೆಚ್ಚು.