ಬರಿಗಾಲ ಕುಶಲಿ ಅಹಮ್ಮದ್ ಖಾನರು

ಕ್ರೀಡೆಯ ಚರಿತ್ರೆಯನ್ನು ಬರೆಯುವವರು ಮೊದಲು ಸೋಲುಗೆಲುವುಗಳನ್ನು ಎಣಿಸುವರು. ಆ ಎಣಿಕೆಗೆ ಸಿಕ್ಕದ ನೈಪುಣ್ಯವೂ ಒಂದುಂಟೆಂಬುದಕ್ಕೆ ಬೆಂಗಳೂರಿನ ಕಾಲ್ಚೆಂಡಾಟಗಾರರಾದ ಅಹಮ್ಮದ್ ಖಾನರ ಜೀವಿತವು ನಿದರ್ಶನವಾಗಿದೆ.

ಖಾನರು 1926ರಲ್ಲಿ ಜನಿಸಿದರು. ಆಗ ಹೊಸಪೇಟೆ, ಹಂಪಿ, ಕಂಪ್ಲಿಗಳು ಮದರಾಸು ಪ್ರಾಂತದೊಳಗಿದ್ದವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಆದುದರಿಂದ ಈ ಭಾಗದ ಕನ್ನಡಿಗರಿಗೆ ಮೈಸೂರಿನ ಆಟಗಾರರು ಭಾಷೆಯಿಂದ ನೆಂಟರಾದರೂ ಆಡಳಿತದಿಂದ ಪರನಾಡಿನವರು. 1953ರ ಅಕ್ಟೋಬರ್ 1ರಂದು ಈ ಸೀಮೆಯು ಮೈಸೂರನ್ನು ಕೂಡಿದ ಮೇಲೆ ಖಾನರ ಕೀರ್ತಿಯಲ್ಲಿ ಇಲ್ಲಿಯವರಿಗೂ ಪಾಲುಂಟಾಯಿತು.

ಆ ಕಾಲದ ಆಟಗಾರರಲ್ಲಿ ಹಲವರು ಬರಿಗಾಲಿನಲ್ಲಿಯೇ ಆಡುತ್ತಿದ್ದರು. ಒಣನೆಲದ ಮೇಲೆ ಬರಿಯ ಪಾದಕ್ಕೆ ಚೆಂಡಿನ ಸ್ಪರ್ಶವು ಸೂಕ್ಷ್ಮವಾಗಿ ದೊರೆಯುವುದು. ಎದುರಾಳಿಗಳ ನಡುವೆ ಚೆಂಡನ್ನು ನುಸುಳಿಸಿಕೊಂಡು ಹೋಗುವ ಖಾನರ ಚಾತುರ್ಯವನ್ನು ಕಂಡು ಜನರು ಅವರನ್ನು ಹಾವಾಡಿಗನೆಂದು ಕರೆದರು.

1948ರ ಜುಲೈ 31ರಂದು ಲಂಡನ್ನಿನ ಒಲಿಂಪಿಕ್ ಕ್ರೀಡಾಕೂಟದಲ್ಲಿ ಸ್ವತಂತ್ರ ಭಾರತದ ತಂಡವು ಫ್ರಾನ್ಸನ್ನು ಎದುರಿಸಿತು. ಖಾನರೂ ಆ ತಂಡದಲ್ಲಿದ್ದರು. ಮೈಸೂರು ಸೀಮೆಯವರೇ ಆದ ಎಸ್. ರಾಮನ್ ಭಾರತಕ್ಕೆ ಒಂದು ಗೋಲನ್ನು ಗಳಿಸಿದರು. ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಪಂದ್ಯವು ಕಡೆಯ ಗಳಿಗೆಯಲ್ಲಿ 2–1ರಿಂದ ಕೈತಪ್ಪಿತು.

ಮರುವರ್ಷ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮ್ಮದ್ ಖಾನ್, ಸಾಲೆ ಎಂಬೀ ಐವರು ಮುಂಚೂಣಿಯ ಸಾಲಾದರು. ಎಲ್ಲರೂ ತೆಂಕಣದವರು, ವಂಗದೇಶದ ಜನರು ಇವರನ್ನು ಪಂಚಪಾಂಡವರೆಂದು ಕೊಂಡಾಡಿದರು. ಸಾಲೆಯವರು ಎಡ ಅಂಚಿನಲ್ಲಿ ಓಡುವವರು. ಅವರಿಗೂ ನಡುವಿನವರಿಗೂ ಮಧ್ಯೆ ನಿಂತು ಚೆಂಡನ್ನು ಸಕಾಲದಲ್ಲಿ ಒದಗಿಸುವುದು ಖಾನರ ಕೆಲಸ. 1949ರಿಂದ 1951ರವರೆಗೆ ಆ ಸಂಘವು ಐ.ಎಫ್.ಎ. ಶೀಲ್ಡನ್ನು ಮೂರು ಸಲ ಎಡೆಬಿಡದೆ ಗೆದ್ದಿತು. 1951ರ ಮಾರ್ಚಿಯಲ್ಲಿ ದೆಹಲಿಯ ಪ್ರಥಮ ಏಷ್ಯಾ ಕ್ರೀಡಾಕೂಟದಲ್ಲಿ ಭಾರತವು ಇರಾನನ್ನು 1–0ರಿಂದ ಜಯಿಸಿ ಸುವರ್ಣಪದಕವನ್ನು ಪಡೆದಾಗಲೂ ಖಾನರು ತಂಡದಲ್ಲಿದ್ದರು.

ಉತ್ಕರ್ಷದ ಬೆನ್ನಿಗೇ ಅಪಕರ್ಷವು ಬಂದಿತು. 1952ರ ಜುಲೈ 15ರಂದು ಹೆಲ್ಸಿಂಕಿಯ ಒಲಿಂಪಿಕ್ ಕೂಟದಲ್ಲಿ ಯುಗೋಸ್ಲಾವಿಯದ ತಂಡವು ಭಾರತದ ಮೇಲೆ ಹತ್ತು ಗೋಲುಗಳನ್ನು ಹೇರಿತು. ಭಾರತದ ಏಕೈಕ ಗೋಲು ಅಹಮ್ಮದ್ ಖಾನರದು. ಅದು ಬಂದುದು ಆಟವು ಮುಗಿಯಲಿದ್ದಾಗ. ಗೆಲ್ಲುವ ಆಸೆಯು ಅಳಿದ ಬಳಿಕವೂ ಕರ್ತವ್ಯವನ್ನು ಬಿಡದವನ ಗೋಲದು. ಆ ಯುಗೋಸ್ಲಾವಿಯವೇ ಮುಂದೆ ರಜತಪದಕವನ್ನು ಗಳಿಸಿತು.

ಈ ಸೋಲಿನ ತರುವಾಯ ಭಾರತದ ಕಾಲ್ಚೆಂಡು ಮಂಡಲಿಯು ಬೂಟುಗಳನ್ನು ಕಡ್ಡಾಯಗೊಳಿಸಿತು. ತೇವದ ಹುಲ್ಲಿನಲ್ಲಿ ಬರಿಗಾಲಿಗೆ ಹಿಡಿತವಿಲ್ಲ. ಬೂಟಿನ ಪೆಟ್ಟಿನೆದುರು ರಕ್ಷೆಯೂ ಇಲ್ಲ. ನಿಯಮವು ಯುಕ್ತವಾದುದೇ. ಆದರೆ ಅದರೊಡನೆ ಒಂದು ದೇಶೀಯ ಕಲೆಯು ಕೊನೆಗಂಡಿತು. ಬಾಲ್ಯದಿಂದ ಪಾದವನ್ನೇ ನಂಬಿ ಬೆಳೆದವರಿಗೆ ಅದು ನಡುವಯಸ್ಸಿನಲ್ಲಿ ಹೊಸ ಲಿಪಿಯನ್ನು ಕಲಿತಂತೆ.

ಖಾನರು ಎದೆಗುಂದಲಿಲ್ಲ. 1954ರ ಮನಿಲಾ ಏಷ್ಯಾ ಕೂಟದಲ್ಲಿ ಆಡಿದರು. 1959ರವರೆಗೂ ಈಸ್ಟ್ ಬೆಂಗಾಲ್ ಸಂಘದಲ್ಲಿ ಉಳಿದರು. 2017ರಲ್ಲಿ ಬೆಂಗಳೂರಿನಲ್ಲಿ, ತೊಂಬತ್ತು ತುಂಬಿದ ಮೇಲೆ, ದಿವಂಗತರಾದರು. ಹತ್ತಕ್ಕೆ ಒಂದು ಎಂಬ ಅಂಕವು ಭಾರತದ ಪರಾಭವವನ್ನು ಹೇಳುವುದು. ಆ ಒಂದು ಯಾರದೆಂದು ವಿಚಾರಿಸಿದವರಿಗೆ ಮಾತ್ರವೇ ಖಾನರ ಯೋಗ್ಯತೆಯು ತಿಳಿಯುವುದು.