ಶ್ರೀರಾಮಪುರದ ಜಾಷುವಾ ಮಾರ್ಷ್ಮನ್ನನೂ ದೇಶಭಾಷಾ ಪಾಠಶಾಲೆಗಳೂ

ಭರತಖಂಡದಲ್ಲಿ ನವೀನ ವಿದ್ಯಾಭ್ಯಾಸಕ್ರಮವು ಬೆಳೆದುಬಂದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕ್ರಿ. ಶ. 1835ನೆಯ ವರ್ಷದಿಂದ ಆರಂಭಿಸುವುದು ವಾಡಿಕೆಯಾಗಿದೆ. ಮೆಕಾಲೆಯ ಅಭಿಪ್ರಾಯಪತ್ರವೂ ಅದನ್ನನುಸರಿಸಿ ಬೆಂಟಿಂಕ್ ಪ್ರಭುವು ಹೊರಡಿಸಿದ ನಿರ್ಣಯವೂ ಆ ವರ್ಷದವು. ಆದರೆ ಅದಕ್ಕೆ ಹತ್ತೊಂಬತ್ತು ವರ್ಷಗಳ ಹಿಂದೆಯೇ ವಂಗದೇಶದ ಶ್ರೀರಾಮಪುರದಿಂದ ಬೇರೊಂದು ಕ್ರಮವು ಪ್ರಕಟವಾಗಿದ್ದಿತು. ಪಾಶ್ಚಾತ್ಯ ಶಾಸ್ತ್ರಗಳನ್ನು ಜನರಿಗೆ ಅವರ ಮಾತೃಭಾಷೆಯಲ್ಲಿಯೇ ಬೋಧಿಸತಕ್ಕದ್ದೆಂಬುದು ಅದರ ಸಾರ. ಅದನ್ನು ರಚಿಸಿದವನು ಬ್ಯಾಪ್ಟಿಸ್ಟ್ ಪಂಥದ ಮಿಷನರಿಯಾದ ಜಾಷುವಾ ಮಾರ್ಷ್ಮನ್. ಆ ಕ್ರಮವು ಬಹುಕಾಲ ನಿಲ್ಲಲಿಲ್ಲ. ಅದು ಬಿದ್ದುಹೋದುದಕ್ಕೆ ಅದರಲ್ಲಿಯೇ ಇದ್ದ ದೋಷವು ಕಾರಣವೋ, ಹೊರಗಿನ ಸನ್ನಿವೇಶಗಳು ಕಾರಣವೋ ಎಂಬುದು ವಿಚಾರಾರ್ಹವಾದ ಸಂಗತಿಯಾಗಿದೆ.

ಮಾರ್ಷ್ಮನ್ನನು 1768ನೆಯ ಏಪ್ರಿಲ್ 20ರಲ್ಲಿ ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದ ವೆಸ್ಟ್‌ಬರಿ ಲೀ ಎಂಬ ಗ್ರಾಮದಲ್ಲಿ ಜನಿಸಿದನು. ತಂದೆಯು ನೇಕಾರ. ಬಾಲ್ಯದಲ್ಲಿ ದೊರೆತ ಶಿಕ್ಷಣವು ಅತ್ಯಲ್ಪವಾದರೂ ಓದಿನ ಹಂಬಲ ಅಪಾರವಾಗಿದ್ದಿತು. ಹದಿನೈದನೆಯ ವಯಸ್ಸಿನಲ್ಲಿ ಲಂಡನ್ನಿನ ಪುಸ್ತಕವ್ಯಾಪಾರಿಯೊಬ್ಬನ ಅಂಗಡಿಯಲ್ಲಿ ಕೆಲವು ತಿಂಗಳು ಊಳಿಗಮಾಡಿ, ಅಲ್ಲಿಂದ ಮರಳಿ ಬಂದು ಮಗ್ಗದ ಮುಂದೆ ಕುಳಿತನು. 1791ರಲ್ಲಿ ಹ್ಯಾನಾ ಷೆಫರ್ಡ್ ಎಂಬಾಕೆಯನ್ನು ವರಿಸಿದನು. 1794ರಲ್ಲಿ ಬ್ರಿಸ್ಟಲ್ ನಗರಕ್ಕೆ ಹೋಗಿ ಧರ್ಮಾರ್ಥ ಪಾಠಶಾಲೆಯೊಂದರಲ್ಲಿ ಉಪಾಧ್ಯಾಯನಾಗಿ ನಿಂತು, ಅಲ್ಲಿನ ಬ್ಯಾಪ್ಟಿಸ್ಟ್ ವಿದ್ಯಾಲಯದಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ, ಸಿರಿಯಾಕ್ ಭಾಷೆಗಳನ್ನು ಅಭ್ಯಾಸ ಮಾಡಿದನು. ಹಗಲು ಬೋಧಿಸಿ ಬಿಡುವಿನಲ್ಲಿ ಕಲಿಯುವ ಈ ಪದ್ಧತಿಯು ಅವನ ಜೀವಿತದ ಕೊನೆಯವರೆಗೂ ಬಿಟ್ಟುಹೋಗಲಿಲ್ಲ.

1799ನೆಯ ಅಕ್ಟೋಬರ್ ತಿಂಗಳಲ್ಲಿ ಮಾರ್ಷ್ಮನ್ ದಂಪತಿಗಳು, ಮುದ್ರಣಕಾರನಾದ ವಿಲಿಯಂ ವಾರ್ಡ್ ಮೊದಲಾದವರೊಡನೆ ವಂಗದೇಶವನ್ನು ಮುಟ್ಟಿದರು. ಕಂಪೆನಿಯ ಸರಕಾರವು ತನ್ನ ಸೀಮೆಯಲ್ಲಿ ಮಿಷನರಿಗಳು ನೆಲಸುವುದನ್ನು ಆಗ ಸಹಿಸುತ್ತಿರಲಿಲ್ಲ. ಆದುದರಿಂದ ಅವರು ಕಲ್ಕತ್ತೆಗೆ ಉತ್ತರದಲ್ಲಿ, ಹೂಗ್ಲಿ ನದಿಯ ಪಶ್ಚಿಮ ತೀರದಲ್ಲಿ, ಡೆನ್ಮಾರ್ಕ್ ದೇಶದವರ ಅಧೀನದಲ್ಲಿದ್ದ ಶ್ರೀರಾಮಪುರವನ್ನು ಆಶ್ರಯಿಸಿದರು. ಅಲ್ಲಿನ ಅಧಿಕಾರಿಯಾದ ಓಲೆ ಬೀ ಎಂಬಾತನು ಅವರಿಗೆ ಅಭಯವಿತ್ತನು. 1800ನೆಯ ಜನವರಿಯಲ್ಲಿ ವಿಲಿಯಂ ಕೇರಿಯೂ ಅಲ್ಲಿಗೆ ಬಂದು ಸೇರಿದನು. ಕೇರಿಯು ಭಾಷಾಂತರಕ್ಕೂ, ವಾರ್ಡನು ಮುದ್ರಣಾಲಯಕ್ಕೂ, ಮಾರ್ಷ್ಮನ್ನನು ಪಾಠಶಾಲೆಗಳಿಗೂ ಮುಖ್ಯಸ್ಥರಾದರು. ಕೇರಿಯು ರಚಿಸಿದ ಕರ್ಣಾಟಕ ಭಾಷೆಯ ವ್ಯಾಕರಣವು 1817ರಲ್ಲಿ ಅಚ್ಚಾದುದು ಈ ಮುದ್ರಣಾಲಯದಲ್ಲಿಯೇ ಎಂಬುದು ಕನ್ನಡಿಗರು ಸ್ಮರಿಸತಕ್ಕ ವಿಷಯ.

1800ನೆಯ ಮೇ ತಿಂಗಳಲ್ಲಿ ಮಾರ್ಷ್ಮನ್ ದಂಪತಿಗಳು ಐರೋಪ್ಯರ ಮಕ್ಕಳಿಗಾಗಿ ಬಾಲಕರಿಗೊಂದು, ಬಾಲಿಕೆಯರಿಗೊಂದು ವಸತಿಶಾಲೆಯನ್ನು ತೆರೆದರು. ಕೆಲವು ವರ್ಷಗಳಲ್ಲಿಯೇ ಇವುಗಳಿಂದ ಹೇರಳವಾದ ಆದಾಯವುಂಟಾಯಿತು. ಕೇರಿಗೆ ಫೋರ್ಟ್ ವಿಲಿಯಂ ಕಾಲೇಜಿನಿಂದ ಬರುತ್ತಿದ್ದ ವೇತನ, ಮುದ್ರಣಾಲಯದ ಲಾಭ, ಈ ಶಾಲೆಗಳ ಶುಲ್ಕ, ಇವೆಲ್ಲವೂ ಒಂದೇ ಸಾಮಾನ್ಯ ನಿಧಿಯಲ್ಲಿ ಸೇರುತ್ತಿದ್ದವು. ಗಳಿಸಿದವರು ಜೀವನಕ್ಕೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡು ಮಿಕ್ಕುದನ್ನು ಕಾರ್ಯಕ್ಕೇ ವಿನಿಯೋಗಿಸುತ್ತಿದ್ದರು. ಬಾಲಿಕೆಯರ ಶಾಲೆಯನ್ನಲ್ಲದೆ ಒಂದೇ ಪಂಕ್ತಿಯಲ್ಲಿ ಉಣ್ಣುವ ಆ ದೊಡ್ಡ ಕುಟುಂಬದ ಆಡಳಿತವನ್ನೂ ಹ್ಯಾನಾ ಮಾರ್ಷ್ಮನ್ನಳು ವಹಿಸಿದ್ದಳು. ಮುಂದೆ ವಂಗೀಯ ಬಾಲಿಕೆಯರಿಗಾಗಿ ಪಾಠಶಾಲೆಗಳನ್ನು ಸ್ಥಾಪಿಸುವುದರಲ್ಲಿಯೂ ಅವಳು ಶ್ರಮಿಸಿದಳು. ಆಕೆಯ ಈ ಗಳಿಕೆಯಿಲ್ಲದಿದ್ದರೆ ಪತಿಯ ಯೋಜನೆಗಳು ಕಾಗದದಲ್ಲಿಯೇ ಉಳಿಯುತ್ತಿದ್ದವೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಮಾರ್ಷ್ಮನ್ನನ ಮುಖ್ಯವಾದ ಯೋಜನೆಯು, ದೇಶೀಯ ಪಾಠಶಾಲೆಗಳ ವಿಷಯವಾಗಿ 1816ರಲ್ಲಿ ಅಚ್ಚಾದ ಸೂಚನೆಗಳೆಂಬ ಸಣ್ಣ ಗ್ರಂಥದಲ್ಲಿದೆ. ವಂಗದೇಶದ ಗ್ರಾಮಗಳಲ್ಲಿ ಗುರುಮಹಾಶಯನೆನಿಸಿಕೊಂಡವನು ನಡೆಸುತ್ತಿದ್ದ ಪಾಠಶಾಲೆಗಳು ನಮ್ಮ ಕೂಲಿಮಠಗಳಂತೆಯೇ ಇದ್ದವು. ಅಕ್ಷರ, ಲೆಕ್ಕ, ಕಾಗದಪತ್ರಗಳ ಬರವಣಿಗೆ, ಇಷ್ಟರಲ್ಲಿಯೇ ಅವುಗಳ ಪಾಠವು ಮುಗಿಯುತ್ತಿದ್ದಿತು. ಮಾರ್ಷ್ಮನ್ನನು ಅವುಗಳನ್ನು ತಿರಸ್ಕರಿಸದೆ, ಅವುಗಳ ಗುರುಗಳನ್ನೇ ತರಬೇತುಗೊಳಿಸಿ ಹೊಸ ವಿಷಯಗಳನ್ನು ಸೇರಿಸಲೆಳಸಿದನು. ಅಚ್ಚುಪುಸ್ತಕಗಳು ದುರ್ಲಭವಾಗಿದ್ದುದರಿಂದ ಅಕ್ಷರಗಳನ್ನೂ ಪದಗಳನ್ನೂ ದೊಡ್ಡದಾಗಿ ಅಚ್ಚುಮಾಡಿದ ಫಲಕಗಳನ್ನು ಗೋಡೆಗೆ ತೂಗುಹಾಕಿ, ಒಂದೇ ಫಲಕದಿಂದ ಅನೇಕರು ಓದುವಂತೆ ಏರ್ಪಡಿಸಿದನು. ಭೂಗೋಳ, ಜ್ಯೋತಿಷ, ಪದಾರ್ಥವಿಜ್ಞಾನ, ಚರಿತ್ರೆ, ನೀತಿ, ಇವುಗಳ ಸಾರವನ್ನು ಸಣ್ಣ ವಾಕ್ಯಗಳಲ್ಲಿ ಸಂಗ್ರಹಿಸಿ, ಒಬ್ಬನು ಹೇಳುತ್ತಿರಲು ಉಳಿದವರು ಬರೆದುಕೊಳ್ಳಬೇಕು. ಬರೆದುದನ್ನು ಮತ್ತೆ ಓದಿ ಒಪ್ಪಿಸಬೇಕು. ಹೀಗೆ ವಿದ್ಯಾರ್ಥಿಯ ಕೈಬರಹವೇ ಅವನ ಪುಸ್ತಕವಾಗುತ್ತಿದ್ದಿತು.

ಮುಂದುವರಿದ ಬಾಲಕರು ಹಿಂದಿನವರಿಗೆ ಹೇಳಿಕೊಡುವ ಪದ್ಧತಿಯನ್ನು ಅವನು ಇಂಗ್ಲೆಂಡಿನ ಬೆಲ್, ಲ್ಯಾಂಕಾಸ್ಟರ್ ಎಂಬವರಿಂದ ತೆಗೆದುಕೊಂಡನು. ಆದರೆ ಬೆಲ್ಲನು ಮದರಾಸಿನಲ್ಲಿದ್ದಾಗ ಅಲ್ಲಿನ ದೇಶೀಯ ಪಾಠಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರಗಳನ್ನು ತಿದ್ದುತ್ತಿದ್ದುದನ್ನು ಕಂಡೇ ತನ್ನ ಪದ್ಧತಿಯನ್ನು ಆರಂಭಿಸಿದನೆಂಬುದನ್ನು ನೆನೆದರೆ, ತಿಣ್ಣೆಯ ಮೇಲಿನ ನಮ್ಮ ವಿದ್ಯೆಯೇ ಸಮುದ್ರವನ್ನು ದಾಟಿ ಹೋಗಿ ಹೊಸ ಹೆಸರಿನಿಂದ ವಂಗದೇಶಕ್ಕೆ ಮರಳಿತೆನ್ನಬೇಕು.

ಈ ಯೋಜನೆಗೆ ಐರೋಪ್ಯರೂ ದೇಶೀಯರೂ ಧನಸಹಾಯ ಮಾಡಿದರು. ಎರಡು ವರ್ಷಗಳೊಳಗಾಗಿ ಶ್ರೀರಾಮಪುರದ ಸುತ್ತಮುತ್ತ ನೂರಕ್ಕೂ ಮಿಕ್ಕ ಪಾಠಶಾಲೆಗಳು ನಡೆಯತೊಡಗಿ, ಅವುಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿ ಬಾಲಕರು ಸೇರಿದರು. 1818ರಲ್ಲಿ ಶ್ರೀರಾಮಪುರದಿಂದ ‘ದಿಗ್ದರ್ಶನ’ವೆಂಬ ಬಂಗಾಳಿ ಮಾಸಪತ್ರಿಕೆಯೂ ‘ಸಮಾಚಾರ ದರ್ಪಣ’ವೆಂಬ ವಾರಪತ್ರಿಕೆಯೂ ಹೊರಟವು. ಮೊದಲನೆಯದು ಪಾಠಶಾಲೆಗಳಲ್ಲಿ ವಾಚನಪುಸ್ತಕದಂತೆ ಉಪಯೋಗವಾಯಿತು.

ಅದೇ 1818ರಲ್ಲಿ ಕೇರಿ, ಮಾರ್ಷ್ಮನ್, ವಾರ್ಡ್ ಈ ಮೂವರು ಶ್ರೀರಾಮಪುರ ಕಾಲೇಜಿನ ಉದ್ದೇಶಪತ್ರವನ್ನು ಪ್ರಕಟಿಸಿದರು. ಮಾರನೆಯ ವರ್ಷ 37 ಮಂದಿ ವಿದ್ಯಾರ್ಥಿಗಳಿಂದ ಅದು ಆರಂಭವಾಯಿತು. ಪೌರಸ್ತ್ಯ ಸಾಹಿತ್ಯವನ್ನೂ ಪಾಶ್ಚಾತ್ಯ ಶಾಸ್ತ್ರಗಳನ್ನೂ ಒಂದೇ ಸ್ಥಳದಲ್ಲಿ ಬೋಧಿಸುವುದು ಅದರ ಗುರಿ. ಅಲ್ಲಿ ಸಂಸ್ಕೃತಕ್ಕೆ ಅಗ್ರಸ್ಥಾನವು ದೊರೆಯಿತು. ದೇಶಭಾಷೆಗಳಲ್ಲಿ ಶಾಸ್ತ್ರಗಳನ್ನು ಬರೆಯಬೇಕಾದರೆ ಪಾರಿಭಾಷಿಕ ಪದಗಳಿಗೆ ಸಂಸ್ಕೃತವೇ ಆಕರವೆಂಬುದು ಅವರ ಮತ. ಇದು ಬರಿಯ ಮಾತಾಗಿ ಉಳಿಯಲಿಲ್ಲ. ಕಾಲೇಜಿನ ಉಪಾಧ್ಯಾಯನಾದ ಜಾನ್ ಮ್ಯಾಕನ ರಸಾಯನಶಾಸ್ತ್ರ ಗ್ರಂಥವು 1834ರಲ್ಲಿ ಬಂಗಾಳಿಯಲ್ಲಿ ಅಚ್ಚಾಯಿತು.

ಈ ಸಂದರ್ಭದಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ರಾಜಾ ರಾಮಮೋಹನ ರಾಯನು 1820ರಲ್ಲಿ ಕ್ರಿಸ್ತನ ನೀತಿವಚನಗಳನ್ನು ಮಾತ್ರ ಸಂಗ್ರಹಿಸಿ ಪ್ರಕಟಿಸಲು, ಮಾರ್ಷ್ಮನ್ನನು ಅದನ್ನು ತೀವ್ರವಾಗಿ ಖಂಡಿಸಿದನು. ರಾಯನು ಮೂರು ಪ್ರತ್ಯುತ್ತರ ಗ್ರಂಥಗಳನ್ನು ಬರೆದನು. ಈ ವಾದದಲ್ಲಿ ಮಾರ್ಷ್ಮನ್ನನ ಮತಾಭಿನಿವೇಶವು ಸ್ಪಷ್ಟವಾಗಿ ಕಾಣುತ್ತದೆ. ಆದರೆ 1823ನೆಯ ಡಿಸೆಂಬರಿನಲ್ಲಿ ರಾಯನೇ ಅಮ್ಹರ್ಸ್ಟ್ ಪ್ರಭುವಿಗೆ ಪತ್ರ ಬರೆದು, ಸರಕಾರವು ಸಂಸ್ಕೃತ ವಿದ್ಯಾಲಯಕ್ಕೆ ಹಣವನ್ನು ವ್ಯಯಮಾಡದೆ ಗಣಿತ, ರಸಾಯನ ಮೊದಲಾದ ಪಾಶ್ಚಾತ್ಯ ವಿದ್ಯೆಗಳನ್ನು ಬೋಧಿಸಬೇಕೆಂದು ಕೇಳಿಕೊಂಡನು. ವೇದಾಂತವನ್ನು ಬಲ್ಲ ಬ್ರಾಹ್ಮಣನು ಸಂಸ್ಕೃತ ವಿದ್ಯಾಲಯವು ಬೇಡವೆಂದೂ, ಕ್ರೈಸ್ತ ಮಿಷನರಿಯು ಸಂಸ್ಕೃತವು ಬೇಕೆಂದೂ ವಾದಿಸಿದ ಕಾಲವದು. ಬಂಗಾಳಿ ಗದ್ಯವು ಮಾತ್ರ ಇಬ್ಬರಿಂದಲೂ ಪುಷ್ಟಿಯನ್ನು ಪಡೆಯಿತು.

ಕಾಲೇಜಿಗೆ ರಾಜಮನ್ನಣೆಯನ್ನು ಪಡೆಯಬೇಕೆಂದು ಮಾರ್ಷ್ಮನ್ನನು 1826ರಲ್ಲಿ ಯೂರೋಪಿಗೆ ಹೋದನು. ಡೆನ್ಮಾರ್ಕಿನ ದೊರೆಯಾದ ಆರನೆಯ ಫ್ರೆಡರಿಕನು 1827ನೆಯ ಫೆಬ್ರವರಿ 23ರಲ್ಲಿ ಪದವಿಗಳನ್ನು ಕೊಡುವ ಅಧಿಕಾರವುಳ್ಳ ಸನ್ನದನ್ನು ದಯಪಾಲಿಸಿದನು. ಆದರೆ ಅದೇ ವರ್ಷ, ಶ್ರೀರಾಮಪುರದ ಆಸ್ತಿಯು ಯಾರ ಆಡಳಿತಕ್ಕೆ ಸೇರಿದುದೆಂಬ ಬಹುದಿನದ ವಿವಾದವು ಪಕ್ವವಾಗಿ, ಶ್ರೀರಾಮಪುರದವರಿಗೂ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನ್ ಸಂಘಕ್ಕೂ ಸಂಬಂಧವು ಕಡಿದುಹೋಯಿತು. ತಮ್ಮ ದುಡಿಮೆಯಿಂದಲೇ ಗಳಿಸಿ ಕೊಟ್ಟವರು ಸ್ವಾರ್ಥದ ಅಪವಾದಕ್ಕೆ ಗುರಿಯಾದರು. 1830ರಿಂದ ಕಲ್ಕತ್ತೆಯ ದೊಡ್ಡ ವ್ಯಾಪಾರಸಂಸ್ಥೆಗಳು ಒಂದರ ಮೇಲೊಂದು ದಿವಾಳಿಯಾಗಲು, ಶ್ರೀರಾಮಪುರದ ನಿಧಿಗಳೂ ನಷ್ಟವನ್ನನುಭವಿಸಿದವು.

ಪಾಠಶಾಲೆಗಳ ಕ್ಷಯಕ್ಕೆ ಕಾರಣಗಳು ಇವುಗಳಲ್ಲಿಯೇ ಬಹುಮಟ್ಟಿಗೆ ದೊರೆಯುತ್ತವೆ. ವಿದ್ಯಾರ್ಥಿಗಳಿಗೆ ಕೊರತೆಯಿರಲಿಲ್ಲ, ಕಲಿತ ಉಪಾಧ್ಯಾಯರಿಗೂ ಸ್ಥಿರವಾದ ದ್ರವ್ಯಕ್ಕೂ ಕೊರತೆಯಿದ್ದಿತು. ಚಂದಾಹಣವು ಮೊದಲಿನ ಉತ್ಸಾಹವು ತಗ್ಗಿದೊಡನೆಯೇ ಇಳಿಯಿತು. 1817ರಲ್ಲಿ ಕಲ್ಕತ್ತೆಯಲ್ಲಿ ಹಿಂದೂ ಕಾಲೇಜು ತೆರೆದ ಮೇಲೆ, ಇಂಗ್ಲಿಷನ್ನು ಕಲಿತವನಿಗೆ ಉದ್ಯೋಗವು ಸುಲಭವೆಂಬ ನಂಬಿಕೆಯು ಬೇರೂರಿತು. ಯೋಜನೆಯಲ್ಲಿ ದೋಷವೇ ಇರಲಿಲ್ಲವೆಂದೂ ಹೇಳುವಂತಿಲ್ಲ. ಮತಪ್ರಸಾರವೇ ಅದರ ಅಂತಿಮೋದ್ದೇಶವಾಗಿದ್ದುದರಿಂದ ಜನರು ಶಂಕಿಸಿದುದು ಸಹಜ. ಇನ್ನೊಬ್ಬನು ಹೇಳಿದುದನ್ನು ಬರೆದುಕೊಂಡ ಮಾತ್ರಕ್ಕೆ ಪದಾರ್ಥವಿಜ್ಞಾನವು ಮನಸ್ಸಿಗೆ ಹತ್ತುವುದೂ ಸಂದೇಹವೇ. ಆದರೂ ಮಾತೃಭಾಷೆಯ ವಿಷಯದಲ್ಲಿ ಅವನ ಸಿದ್ಧಾಂತವು ಪರೀಕ್ಷೆಯಲ್ಲಿ ಸೋತುದಲ್ಲ. ಪೂರ್ಣವಾಗಿ ಪರೀಕ್ಷೆಗೆ ಒಳಗಾಗಲೇ ಇಲ್ಲ.

ವಾರ್ಡನು 1823ರಲ್ಲಿಯೂ ಕೇರಿಯು 1834ರಲ್ಲಿಯೂ ತೀರಿಹೋದರು. ಸರಕಾರದ ಹಣವು ಇಂಗ್ಲಿಷ್ ವಿದ್ಯೆಗೇ ಸಲ್ಲತಕ್ಕದ್ದೆಂಬ 1835ರ ನಿರ್ಣಯವನ್ನು ಮಾರ್ಷ್ಮನ್ನನೊಬ್ಬನೇ ಉಳಿದು ನೋಡಬೇಕಾಯಿತು. 1837ನೆಯ ಡಿಸೆಂಬರಿನಲ್ಲಿ ಅವನು ಶ್ರೀರಾಮಪುರದಲ್ಲಿಯೇ ದೇಹವನ್ನು ಬಿಟ್ಟನು. ಹ್ಯಾನಾ ಮಾರ್ಷ್ಮನ್ನಳು 1847ರವರೆಗೆ ಬದುಕಿದ್ದಳು.

1845ರಲ್ಲಿ ಡೆನ್ಮಾರ್ಕಿನವರು ಶ್ರೀರಾಮಪುರವನ್ನು ಕಂಪೆನಿಗೆ ಮಾರಿದಾಗ ಕಾಲೇಜಿನ ಸನ್ನದು ಒಪ್ಪಂದದಿಂದ ರಕ್ಷಿತವಾಯಿತು. 1853ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಸಮಿತಿಯ ಮುಂದೆ ಭಾರತದ ವಿಷಯವಾಗಿ ಸಾಕ್ಷ್ಯ ಹೇಳಿದವರಲ್ಲಿ ಮಾರ್ಷ್ಮನ್ನನ ಮಗನಾದ ಜಾನ್ ಕ್ಲಾರ್ಕ್ ಮಾರ್ಷ್ಮನ್ನನೂ ಒಬ್ಬನು. ಮರುವರ್ಷ ಹೊರಟ ವುಡ್ಡನ ವಿದ್ಯಾಭ್ಯಾಸ ನಿರೂಪವು, ಜನಸಾಮಾನ್ಯಕ್ಕೆ ವಿದ್ಯೆಯು ದೇಶಭಾಷೆಗಳ ಮೂಲಕವೇ ಮುಟ್ಟಬೇಕೆಂದು ಒಪ್ಪಿತು. ಸರಕಾರವು 1854ರಲ್ಲಿ ಅಂಗೀಕರಿಸಿದ ಆ ತತ್ತ್ವವನ್ನು, ನೇಕಾರನ ಮಗನೊಬ್ಬನು 1816ರಲ್ಲಿಯೇ ಗ್ರಾಮದ ಗುರುಗಳನ್ನೂ ಗೋಡೆಯ ಫಲಕಗಳನ್ನೂ ನೆಚ್ಚಿಕೊಂಡು ಕಾರ್ಯರೂಪಕ್ಕೆ ತರಲು ಯತ್ನಿಸಿದ್ದನು. ದೇಶಭಾಷೆಗಳಲ್ಲಿ ಶಾಸ್ತ್ರವನ್ನು ಬೋಧಿಸುವ ಪ್ರಯತ್ನಗಳ ಚರಿತ್ರೆಯಲ್ಲಿ ಅವನ ಹೆಸರಿಗೆ, ಅವನ ಮತೋದ್ದೇಶವನ್ನು ಒಪ್ಪದವರೂ ಮೊದಲ ಪುಟಗಳಲ್ಲಿಯೇ ಸ್ಥಾನವನ್ನು ಕೊಡುವುದು ನ್ಯಾಯವಾಗಿದೆ.