ವಿದ್ಯುಚ್ಛೈತ್ಯ: ಒಂದು ನಾಮವಿಚಾರ

ಎರಡು ಭಿನ್ನ ವಾಹಕಗಳ ಸಂಧಿಯಲ್ಲಿ ವಿದ್ಯುತ್ಪ್ರವಾಹವನ್ನು ಹರಿಯಿಸಿದರೆ, ಪ್ರವಾಹದ ದಿಕ್ಕಿಗನುಸಾರವಾಗಿ ಆ ಸಂಧಿಯು ತಣ್ಣಗಾಗುವುದು ಇಲ್ಲವೆ ಬಿಸಿಯಾಗುವುದು. ಇದಕ್ಕೆ ‘ಪೆಲ್ಟಿಯೆ ಪರಿಣಾಮ’ವೆಂದು ಹೆಸರು. ಈ ಹೆಸರು ಯುಕ್ತವೇ ಎಂಬುದು ಪ್ರಕೃತ ವಿಚಾರ. ಗಣಕಯಂತ್ರದ ಪ್ರೊಸೆಸರನ್ನು ಇದರಿಂದ ತಂಪುಗೊಳಿಸಹೊರಟವರ ಜಯಾಪಜಯಗಳಿಗೂ ಈ ವಿಚಾರಕ್ಕೂ ಸಂಬಂಧವುಂಟು.

1821ರಲ್ಲಿ ಬರ್ಲಿನ್ನಿನ ಸೀಬೆಕ್ ಎಂಬ ವಿದ್ವಾಂಸನು, ಎರಡು ಲೋಹಗಳಿಂದಾದ ಬಳೆಯ ಒಂದು ಸಂಧಿಯನ್ನು ಕಾಯಿಸಲು ಬಳಿಯಲ್ಲಿದ್ದ ಕಾಂತಸೂಚಿಯು ಚಲಿಸಿದುದನ್ನು ಕಂಡನು. ಆದರೆ ಅದನ್ನು ಕಾಂತಧರ್ಮವೆಂದೇ ಬಗೆದನು. 1834ರಲ್ಲಿ ಗಡಿಯಾರದ ಕಸುಬನ್ನು ಬಿಟ್ಟು ವಿಜ್ಞಾನಕ್ಕೆ ಬಂದಿದ್ದ ಫ್ರಾನ್ಸಿನ ಪೆಲ್ಟಿಯೆ ಇದರ ವಿಪರ್ಯಯವನ್ನು ಕಂಡನು. ಆತನಿಗೂ ಕಂಡುದರ ಸ್ವರೂಪವು ಸ್ಫುಟವಾಗಲಿಲ್ಲ. 1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಲೆಂಟ್ಸನು ಬಿಸ್ಮತ್ ಮತ್ತು ಆಂಟಿಮನಿಗಳ ಸಂಧಿಯಲ್ಲಿ ಒಂದು ಹನಿ ನೀರನ್ನಿಟ್ಟು ಪ್ರವಾಹವನ್ನು ಹರಿಯಿಸಲು ಹನಿಯು ಹೆಪ್ಪುಗಟ್ಟಿತು. ಪ್ರವಾಹವನ್ನು ತಿರುಗಿಸಲು ಕರಗಿತು.

ಇಲ್ಲಿ ಪೂರ್ವಪಕ್ಷವೇನೆಂದರೆ: ಅರ್ಥವನ್ನು ನಿರ್ಣಯಿಸಿದವನು ಲೆಂಟ್ಸ್, ಆದಕಾರಣ ಹೆಸರೂ ಅವನದೇ ಆಗತಕ್ಕದ್ದು. ಇದು ಸಾಧುವಲ್ಲ. ಪದವನ್ನು ಮೊದಲು ಓದಿದವನಿಗೂ ಅದರ ಅರ್ಥವನ್ನು ಬಿಡಿಸಿದವನಿಗೂ ಬೇರೆಬೇರೆ ಮಾನ್ಯತೆಯುಂಟು. ಹೆಸರು ಪೆಲ್ಟಿಯೆಗೇ ನಿಲ್ಲಲಿ. ಆದರೆ ಲೆಂಟ್ಸನ ಹನಿಯನ್ನು ಮರೆತರೆ ಹಾನಿಯುಂಟು. ಪ್ರವಾಹವು ತಿರುಗಿದೊಡನೆ ಶೈತ್ಯವೂ ಉಷ್ಣವೂ ಸ್ಥಾನವನ್ನು ಬದಲಿಸುವುದರಿಂದ, ಇಲ್ಲಿ ಉಷ್ಣವು ನಾಶವಾಗುವುದಿಲ್ಲ, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವುದಷ್ಟೆ ಎಂಬುದು ಸಿದ್ಧವಾಗುತ್ತದೆ.

1911ರಲ್ಲಿ ಜರ್ಮನಿಯ ಆಲ್ಟೆನ್‌ಕಿರ್ಖ್ ಎಂಬವನು, ವಿದ್ಯುತ್ತಿಗೆ ಸುಲಭವಾಗಿ ದಾರಿಕೊಟ್ಟು ಉಷ್ಣಕ್ಕೆ ಕೊಡದ ದ್ರವ್ಯವು ಬೇಕೆಂದು ತೋರಿಸಿದನು. ಲೋಹಗಳಲ್ಲಿ ಈ ಎರಡು ಗುಣಗಳು ಒಡನಾಡಿಗಳು. ಅವುಗಳನ್ನು ಅಗಲಿಸುವುದು ದುಷ್ಕರ. 1954ರಲ್ಲಿ ಇಂಗ್ಲೆಂಡಿನ ಗೋಲ್ಡ್‌ಸ್ಮಿಡ್ ಮತ್ತು ಡಗ್ಲಸ್ ಇಬ್ಬರೂ ಬಿಸ್ಮತ್ ಟೆಲ್ಯುರೈಡ್ ಎಂಬ ಅರೆವಾಹಕದಿಂದ 0 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿನ ಶೈತ್ಯವನ್ನು ಪಡೆದರು. ಇಂದಿನ ಪೆಲ್ಟಿಯೆ ಫಲಕಗಳಲ್ಲಿ ಪ್ರಾಯಶಃ ಬಳಸುವುದು ಈ ಜಾತಿಯ ದ್ರವ್ಯವನ್ನೇ.

ಇನ್ನು ಪ್ರೊಸೆಸರಿನ ವಿಷಯ. ಅದು 100 ವಾಟ್ ಉಷ್ಣವನ್ನು ಹೊರಸೂಸುವುದೆಂದೂ, ಫಲಕವು ಅದನ್ನು ಸಾಗಿಸಲು ತಾನೂ 100 ವಾಟ್ ವಿದ್ಯುತ್ತನ್ನು ಉಣ್ಣುವುದೆಂದೂ ಭಾವಿಸೋಣ. ಆಗ ಬಿಸಿಮುಖದಿಂದ ಹೊರಹೋಗಬೇಕಾದುದು 200 ವಾಟ್. ಹೊರೆಯನ್ನು ಇಳಿಸಬಂದವನೇ ಹೊರೆಯನ್ನು ಇಮ್ಮಡಿಸಿದಂತಾಯಿತು. ತಂಪು ಮಿತಿಮೀರಿದರೆ ಗಾಳಿಯ ತೇವವು ಹನಿಗಟ್ಟಿ ವಿದ್ಯುನ್ಮಾರ್ಗಗಳನ್ನು ಕೆಡಿಸುವ ಭಯ ಬೇರೆ. 2020ರಲ್ಲಿ ಇಂಟೆಲ್ ಸಂಸ್ಥೆಯು ಈ ದೋಷವನ್ನು ತಡೆಯುವ ನಿಯಂತ್ರಣದೊಡನೆ ‘ಕ್ರಯೋ’ ಎಂಬ ವಿಧಾನವನ್ನು ಹೊರತಂದಿತು. 2023ರಲ್ಲಿ ಅದನ್ನು ನಿಲ್ಲಿಸಿತು. ಲೇಸರ್ ಡಯೋಡಿನಂತಹ, ಅಲ್ಪೋಷ್ಣವೂ ಸ್ಥಿರತಾಪವೂ ಬೇಕಾದ ಉಪಕರಣಗಳಲ್ಲಿ ಮಾತ್ರ ಈ ಫಲಕವು ಚೆನ್ನಾಗಿ ನೆಲೆಗೊಂಡಿದೆ.

ಆದಕಾರಣ ಪೆಲ್ಟಿಯೆಯ ಹೆಸರನ್ನು ಹೇಳುವಾಗಲೆಲ್ಲ ಲೆಂಟ್ಸನ ಹನಿಯನ್ನೂ ನೆನೆಯುವುದು ಉಚಿತ. ಒಂದೆಡೆ ಪಡೆದ ತಂಪಿಗೆ ಇನ್ನೊಂದೆಡೆ ತೆರಬೇಕಾದ ಬೆಲೆಯನ್ನು 1838ರಲ್ಲಿಯೇ ಆ ಹನಿಯು ಸೂಚಿಸಿತ್ತು.